ಮೊರೇರ ಮನೆಗೆ ಪಡುವಣದ ಮೇಸ್ತ್ರಿ ಬೇಕೆ?

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡ ಹತ್ತಿದವರು ಅಲ್ಲಿನ ಸುಮಾರು 400 ಶಿಲಾಗೋರಿಗಳನ್ನು ಕಂಡು ಮೊದಲು ಕೇಳುವುದು ‘ಯಾರು ಕಟ್ಟಿದರು?’ ಎಂದು. ಪುರಾತತ್ತ್ವದ ನಿಜವಾದ ಸುಖ ಅದಕ್ಕಿಂತ ಸಣ್ಣ ಪ್ರಶ್ನೆಯಲ್ಲಿದೆ: ಈ ಚಪ್ಪಡಿ ಎದ್ದದ್ದು ಎಲ್ಲಿಂದ? ಉತ್ತರ ಗೋರಿಗಳ ನಡುವಿನ ಹೊಂಡದಲ್ಲೇ ಇದೆ. ಗ್ರಾನೈಟ್ ಬಂಡೆ ಈರುಳ್ಳಿಯಂತೆ ಪದರ ಬಿಡುತ್ತದೆ. ಪದರ ಎಬ್ಬಿಸಿದ ತಗ್ಗಿನಲ್ಲಿ ಮಳೆನೀರು ನಿಲ್ಲುತ್ತದೆ. ಸತ್ತವರಿಗೆ ಮನೆ, ಬದುಕಿದ್ದವರಿಗೆ ನೀರು! ಗೋರಿಯಲ್ಲಿ ಕಟ್ಟಿದವರ ಭಕ್ತಿ ಕಂಡೀತು, ಕಸುಬು ಕಾಣುವುದು ಹೊಂಡದ ಅಂಚಿನಲ್ಲಿ. ಇಂದಿನ ಲೆಬನಾನಿನ ಸಿಡೋನ್ ಪಟ್ಟಣದಲ್ಲಿದ್ದ ಪ್ರಾಚೀನ ಫಿನೀಷಿಯನ್ನರ ನೇರಳೆ ಬಣ್ಣದ ಉದ್ಯಮಕ್ಕೂ ಗಟ್ಟಿ ಸಾಕ್ಷಿ ಅರಮನೆಯಲ್ಲ, ಬಣ್ಣ ತೆಗೆದು ಬಿಸಾಡಿದ ಸಮುದ್ರದ ಚಿಪ್ಪುಗಳ ದಿಬ್ಬ. ಕಸ ಸುಳ್ಳು ಹೇಳುವುದು ಅಪರೂಪ.

ಆದರೂ ನಮ್ಮ ಪುರಾತತ್ತ್ವದ ಕಸುಬಿನವರಿಗೆ ದೂರದ ನೆಂಟರ ಹುಚ್ಚು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಕಟ್ಟಿದವರು ಫಿನೀಷಿಯನ್ನರೆಂದು ಅಲ್ಲಿನ ಬರಹಗಾರ ಐಲೆಟ್ ಸ್ಯಾಮ್ಸ್ 1676ರಲ್ಲೇ ವಾದಿಸಿದ. ಫಿನೀಷಿಯನ್ನರ ಟೈರ್ ಪಟ್ಟಣದ ವರ್ತಕರಿಗೆ ಬೇರೆ ಕೆಲಸವಿರಲಿಲ್ಲವೆ? ನಮ್ಮ ಸೀಮೆಯ ಗೋರಿಗಳನ್ನು ದಾಖಲಿಸಿದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ದೊಡ್ಡ ಕೆಲಸಗಾರ; ಅಗೆದಾಗ ಮಣ್ಣಿನ ಪದರಗಳನ್ನು ಚಿತ್ರಿಸಿಟ್ಟ, ಆ ಕಾಲಕ್ಕೆ ಅದು ಅಪರೂಪ. ಅಂಥವನೂ ತನ್ನ ಬರಹದ ಶೀರ್ಷಿಕೆಯಲ್ಲೇ ಇವುಗಳಿಗೆ ಕೆಲ್ಟ್, ಡ್ರೂಯಿಡ್, ಸಿಥಿಯನ್ ಎಂದು ಮೂರು ಹೆಸರಿಟ್ಟ. ಅವನನ್ನು ಕ್ಷಮಿಸಬಹುದು. ಇಂದಿಗೂ ಕಲ್ಲಿಗಿಂತ ಮೊದಲು ಭೂಪಟ ಬಿಡಿಸಿ ಬಾಣದ ಗುರುತು ಎಳೆಯುವವರನ್ನು ಕ್ಷಮಿಸಲಾಗದು.

ಕಾಕಸಸ್ಸಿನ ಗೋರಿಗಳಿಗೂ ಹಿರೇಬೆಣಕಲ್ಲಿನಂತೆಯೇ ದುಂಡು ಕಿಂಡಿಗಳಿವೆಯಲ್ಲ ಎಂಬುದು ಅವರ ಬ್ರಹ್ಮಾಸ್ತ್ರ. ಇವೆ, ನಿಜ. ಆದರೆ ನಾಲ್ಕು ಚಪ್ಪಡಿಯ ಪೆಟ್ಟಿಗೆ ಮುಚ್ಚಿದ ಮೇಲೂ ಒಳಗೆ ಕೈಯಾಡಿಸಬೇಕಾದರೆ ತೂತು ಬೇಕು. ಕಲ್ಲಿನಲ್ಲಿ ಚೌಕ ಕೊರೆದರೆ ಮೂಲೆಯಿಂದ ಬಿರುಕು ಬಿಡುವ ಭಯ. ಕುಟ್ಟುತ್ತ ಹೋದರೆ ತೂತು ತಾನಾಗಿ ದುಂಡಗಾಗುತ್ತದೆ. ಕೊಪ್ಪಳದ ರೊಟ್ಟಿಯೂ ದುಂಡು, ಲೆಬನಾನಿನದೂ ದುಂಡು. ಎರಡನ್ನೂ ಒಬ್ಬಳೇ ಅಜ್ಜಿ ಬಡಿದಳೆ? ವಲಸೆಯೇ ನಡೆದಿಲ್ಲ ಎನ್ನುವುದು ನನ್ನ ವಾದವಲ್ಲ. ವಲಸೆ ನಡೆದಿದೆ ಎಂದು ಸಾಧಿಸಲು ಮಡಕೆ, ಕಬ್ಬಿಣ, ಎಲುಬು ಬೇಕು. ಬರೀ ತೂತು ಸಾಲದು.

ಊರವರ ಕಥೆ ಇದಕ್ಕಿಂತ ಮೇಲು. ಈ ಗೋರಿಗಳನ್ನು ಕಟ್ಟಿದರೆಂದು ಅವರು ಹೇಳುವ ಮೊರೇರು ಗಿಡ್ಡರು, ಏಕೆಂದರೆ ಕಿಂಡಿ ಸಣ್ಣದು. ತೀರ್ಮಾನ ತಪ್ಪಿರಬಹುದು, ಆದರೆ ಅದು ಹೊರಟದ್ದು ಕಣ್ಣೆದುರಿನ ಕಲ್ಲಿನಿಂದ. ಗುಡ್ಡ ಹತ್ತಿದವರು ‘ನಗಾರಿ ಗುಂಡು’ ಎಂಬ ಬಂಡೆಯ ಫೋಟೊ ಹಿಡಿದು ಇಳಿದುಬಿಡಬೇಡಿ. ಹೊಂಡದ ದಂಡೆಗೂ ಒಮ್ಮೆ ಹೋಗಿ ಬನ್ನಿ.