ಕುಕ್ಕರಹಳ್ಳಿಯ ಅಭಿಸಾರಿಕೆ

ಮೈಸೂರಿನಲ್ಲಿ ಪ್ರಣಯಕ್ಕೆ ಪ್ರಶಸ್ತವಾದ ಕಾಲವೆಂದರೆ ಬೆಳಗಿನ ಆರೂವರೆ ಗಂಟೆ. ನಮ್ಮ ಆಲಂಕಾರಿಕರು ಅಭಿಸಾರಿಕೆಗೆ ಗೊತ್ತುಮಾಡಿದ ಹೊತ್ತು ಬೇರೆ. ಕತ್ತಲಪಕ್ಷದಲ್ಲಿ ನೀಲವಸ್ತ್ರವನ್ನೂ ಬೆಳುದಿಂಗಳಲ್ಲಿ ಬಿಳಿಯ ವಸ್ತ್ರವನ್ನೂ ಉಟ್ಟು, ಕಾಲ್ಗೆಜ್ಜೆಯ ಸದ್ದಡಗಿಸಿ, ಊರೆಲ್ಲ ಮಲಗಿದ ಮೇಲೆ ನಲ್ಲನಿರುವೆಡೆಗೆ ಹೊರಡತಕ್ಕವಳು ಅವಳು. ಆ ಮಹನೀಯರಲ್ಲಿ ಒಬ್ಬರಾದರೂ ನಮ್ಮ ಸರಸ್ವತೀಪುರದಲ್ಲಿ ಬಾಡಿಗೆಗಿದ್ದಿದ್ದರೆ ಈ ಲಕ್ಷಣವನ್ನು ತಿದ್ದಿ ಬರೆಯುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಇಲ್ಲಿ ಸಂಜೆ ಏಳರ ಮೇಲೆ ಕಾಲೇಜು ಹುಡುಗಿಯೊಬ್ಬಳು ಹೊಸಿಲು ದಾಟಿದಳೆಂದರೆ, ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂಬ ಪ್ರಶ್ನೆಗಳು ಅಡಿಗೆಮನೆಯಿಂದಲೂ ಜಗಲಿಯಿಂದಲೂ ಏಕಕಾಲಕ್ಕೆ ಹೊರಡುತ್ತವೆ. ಅದೇ ಹುಡುಗಿ ಸೂರ್ಯೋದಯಕ್ಕೆ ಮುಂಚೆ ಎದ್ದು, ಶೂಸಿನ ಲಾಡಿ ಬಿಗಿದು, “ವಾಕಿಂಗ್ ಹೋಗ್ಬರ್ತೀನಮ್ಮ” ಎಂದರೆ, ಇದ್ದರೆ ಇಂಥ ಮಗಳಿರಬೇಕೆಂದು ಮನೆಯವರು ಧನ್ಯರಾಗುತ್ತಾರೆ. ಆರೋಗ್ಯದ ಹೆಸರಿನಲ್ಲಿ ಮಾಡಿದ ಯಾವ ಕೆಲಸವನ್ನೂ ಈ ಊರು ಇದುವರೆಗೆ ಶಂಕಿಸಿಲ್ಲ.

ಈ ಸೌಲಭ್ಯಕ್ಕಾಗಿ ನಾನು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಋಣಿಯಾಗಿದ್ದೇನೆ. 1864ರಲ್ಲಿ ಅವರು ಕುಕ್ಕರಹಳ್ಳಿಯ ಕೆರೆಯನ್ನು ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲೆಂದೇ ಹೊರತು ನನ್ನಂಥವರ ಸಂಕೇತಸ್ಥಾನವಾಗಲೆಂದಲ್ಲ. ಆದರೆ ಗದ್ದೆಗಳು ಬಡಾವಣೆಗಳಾಗಿ, ಕೆರೆ ವಿಶ್ವವಿದ್ಯಾನಿಲಯದ ಸುಪರ್ದಿಗೆ ಬಂದು, ಅದರ ಪಕ್ಕದಲ್ಲಿ ಕುವೆಂಪು ಅವರು ಮಾನಸಗಂಗೋತ್ರಿಯೆಂದು ನಾಮಕರಣ ಮಾಡಿದ ವಿದ್ಯಾಕ್ಷೇತ್ರವು ತಲೆಯೆತ್ತಿದ ಮೇಲೆ, ಉಳಿದ ನೀರಿಗೆ ಉಳಿದ ಕೆಲಸ ಇದೊಂದೇ. ಕೆರೆಯ ಸುತ್ತಿನ ದಾರಿಯಲ್ಲಿ ಬೆಳಗಿನ ಹೊತ್ತು ನಡೆಯುವವರಲ್ಲಿ ಪಿಂಚಣಿದಾರರು ಬಹುಸಂಖ್ಯಾತರು. ಸಕ್ಕರೆ ಕಾಯಿಲೆಯನ್ನೂ ಸರ್ಕಾರವನ್ನೂ ಒಂದೇ ಉಸಿರಿನಲ್ಲಿ ಬಯ್ಯುತ್ತ, ಕೈಗಳನ್ನು ಬೀಸುತ್ತ, ಎದುರಿಗೆ ಬಂದವರಿಗೆ ಅರ್ಧ ನಮಸ್ಕಾರ ಹಾಕುತ್ತ ಸಾಗುವ ಈ ಹಿರಿಯರಿಗೆ ತಮ್ಮ ಮಂಡಿನೋವಿನ ಕಡೆಗಿರುವಷ್ಟು ಗಮನ ಪರರ ಪ್ರೇಮದ ಕಡೆಗಿಲ್ಲ. ನೀರಿನ ನಡುವೆ ಒಣಮರದ ಕೊಂಬೆಗಳಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಡ್ಡಿಕೊಂಡಿರುತ್ತವೆ. ಹೆಜ್ಜಾರ್ಲೆಗಳು ಕೊಕ್ಕಿನ ಕೆಳಗಿನ ಚೀಲವನ್ನು ಎದೆಗೊತ್ತಿಕೊಂಡು, ಮಂಜೂರಾತಿಗಾಗಿ ಕಾದ ಗುಮಾಸ್ತರ ಗಾಂಭೀರ್ಯದಿಂದ ತೇಲುತ್ತಿರುತ್ತವೆ. ಇಬ್ಬರು ತರುಣ ತರುಣಿಯರು ಅರ್ಧಗಂಟೆ ನಿಂತು ಒಂದೇ ದಿಕ್ಕನ್ನು ನೋಡುವುದಕ್ಕೆ ಪಕ್ಷಿವೀಕ್ಷಣೆಗಿಂತ ಸಭ್ಯವಾದ ಕಾರಣವನ್ನು ನಾನಂತೂ ಕಾಣೆ.

ನಾನು ಓದುತ್ತಿರುವುದು ಮಹಾರಾಣಿ ಕಾಲೇಜಿನಲ್ಲಿ. 1881ರಲ್ಲಿ ಬಾಲಕಿಯರ ಶಾಲೆಯಾಗಿ ಹುಟ್ಟಿದ ಆ ಸಂಸ್ಥೆಯ ಆವರಣದೊಳಗೆ ಇಂದಿಗೂ ವಿದ್ಯಾರ್ಥಿನಿಯರೇ ಇರುವುದರಿಂದ, ವಿದ್ಯೆಯ ಹೊರತಾದ ಉಳಿದ ಅಭ್ಯಾಸಗಳನ್ನು ನಾವು ಊರಿನಿಂದಲೇ ಪಡೆಯಬೇಕು. ಊರಾದರೋ ಚಿಕ್ಕದು. ಗೆಳತಿಯರ ಒತ್ತಾಯಕ್ಕೆ ಒಮ್ಮೆ ಮೊಬೈಲಿನಲ್ಲಿ ಆ ಪ್ರಸಿದ್ಧವಾದ ಟಿಂಡರ್ ಎಂಬ ಆ್ಯಪನ್ನು ಹಾಕಿಕೊಂಡು, ಹತ್ತು ಕಿಲೋಮೀಟರಿನ ವ್ಯಾಸಾರ್ಧದೊಳಗಿನ ಅನುರೂಪ ವರರನ್ನು ತೋರಿಸೆಂದು ಕೇಳಿದೆ. ಅದು ಮೊದಲು ತೋರಿಸಿದ್ದು ನಮ್ಮ ದೊಡ್ಡಪ್ಪನ ಮಗನನ್ನು. ಬಳಿಕ ನನಗೆ ಟ್ಯೂಷನ್ನಿನಲ್ಲಿ ಲೆಕ್ಕ ಹೇಳಿಕೊಟ್ಟವರನ್ನು. ಬೆಂಗಳೂರಿನಂಥ ಜನಸಮುದ್ರದಲ್ಲಿ ಈ ಯಂತ್ರದಿಂದ ಪ್ರಯೋಜನವಿರಬಹುದು. ಮೈಸೂರಿನಲ್ಲಿ ಅದು ವಂಶವೃಕ್ಷದ ಇನ್ನೊಂದು ರೂಪವಷ್ಟೆ.

ಆದುದರಿಂದ ನಾನು ಹುಡುಗರನ್ನು ಅಳೆಯಲು ಊರನ್ನೇ ಬಳಸತೊಡಗಿದೆ. ನನಗೆ ಪ್ರಿಯವಾದ ಕೆಲವು ನಿತ್ಯದ ವಸ್ತುಗಳುಂಟು: ಸಿಟಿ ಬಸ್ಸಿನ ಕಿಟಕಿಯ ಪಕ್ಕದ ಸೀಟು, ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ನಜರ್‌ಬಾದಿನ ಮೈಲಾರಿ ದೋಸೆ, ರಂಗಾಯಣದ ಭೂಮಿಗೀತದಲ್ಲಿ ದೀಪವಾರುವ ಆ ಒಂದು ಕ್ಷಣ. ಇವುಗಳ ಎದುರಿಗೆ ಒಬ್ಬನನ್ನು ನಿಲ್ಲಿಸಿದರೆ ಸಾಕು, ಅವನ ಸ್ವಭಾವವೆಲ್ಲ ತಾನಾಗಿ ಹೊರಬರುತ್ತದೆ. ಜಾತಕಕ್ಕಿಂತ ಇದು ನಂಬಿಕೆಗೆ ಅರ್ಹವಾದುದೆಂದು ನನ್ನ ಅಭಿಪ್ರಾಯ.

ಮೊದಲನೆಯವನು ದೊಡ್ಡ ಗಡಿಯಾರದ ಬಳಿ ಕಾಯುತ್ತೇನೆಂದಿದ್ದ. ನಾಲ್ವಡಿ ಕೃಷ್ಣರಾಜ ಒಡೆಯರು ರಾಜ್ಯಭಾರ ವಹಿಸಿಕೊಂಡು ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1927ರಲ್ಲಿ ಎತ್ತಿದ ಗೋಪುರವದು. ಅದರ ಮುಖದಲ್ಲಿ ಕನ್ನಡದ ಅಂಕಿಗಳಿವೆ. ನಾನು ಬರುವುದು ಸ್ವಲ್ಪ ತಡವಾಯಿತೆಂಬುದು ನಿಜ. ಆದರೆ ಅಷ್ಟೆತ್ತರದ ಗಡಿಯಾರವನ್ನು ತಲೆಯ ಮೇಲೆ ಇಟ್ಟುಕೊಂಡು, ಜೇಬಿನಿಂದ ಮೊಬೈಲನ್ನು ಹೊರತೆಗೆದು, ಹದಿಮೂರು ನಿಮಿಷ ತಡವಾಯಿತೆಂದು ಆತ ತೋರಿಸಿದಾಗ, ಅವನಿಗೆ ನಮ್ಮ ಅಂಕಿ ಓದಲು ಬರದೋ ಅಥವಾ ತಲೆಯೆತ್ತುವ ಅಭ್ಯಾಸವೇ ಇಲ್ಲವೋ ಎಂದು ನಾನು ಚಿಂತಿಸುವಂತಾಯಿತು. ಎರಡರಲ್ಲಿ ಯಾವುದಾದರೂ ಫಲ ಒಂದೇ. ಅಂದಿನ ಬಸ್ಸಿನಲ್ಲಿ ಕಂಡಕ್ಟರರು ನನ್ನ ಆಧಾರ್ ನೋಡಿ ಶೂನ್ಯ ದರದ ಚೀಟಿಯನ್ನು ಹರಿದುಕೊಟ್ಟು, ಅವನಿಂದ ಮಾತ್ರ ದುಡ್ಡು ಕೇಳಿದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಂದಿನಿಂದ ಸ್ತ್ರೀಪುರುಷರ ಪ್ರಣಯದ ಖರ್ಚುವೆಚ್ಚದಲ್ಲಿ ಉಂಟಾಗಿರುವ ಈ ಪರಿವರ್ತನೆಯನ್ನು ಅರ್ಥಶಾಸ್ತ್ರಜ್ಞರು ಗಮನಿಸಿದಂತಿಲ್ಲ. ಆತನು ಅದನ್ನು ಪುರುಷವರ್ಗದ ಮೇಲಿನ ಅನ್ಯಾಯವೆಂದು ಅಗ್ರಹಾರದವರೆಗೂ ವಿವರಿಸಿದ. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

ಎರಡನೆಯವನು ಸಾಧು; ಆದರೆ ಮಾರುಕಟ್ಟೆಯಲ್ಲಿ ಸೋತ. ದೇವರಾಜ ಮಾರುಕಟ್ಟೆಯನ್ನು ಚಿಕ್ಕ ಗಡಿಯಾರದ ಕಡೆಯಿಂದ ಹೊಕ್ಕು, ಬಾಳೆಗೊನೆಗಳನ್ನೂ ಗೋಪುರಾಕಾರವಾಗಿ ಒಟ್ಟಿದ ಕುಂಕುಮದ ರಾಶಿಗಳನ್ನೂ ದಾಟಿ ಹೂವಿನ ಸಾಲಿಗೆ ಬರುವಾಗ, ಕಣ್ಣಿಗಿಂತ ಮೊದಲು ಮೂಗಿಗೆ ದಾರಿ ತಿಳಿಯುತ್ತದೆ. ಮಲ್ಲಿಗೆಯನ್ನು ಮಧ್ಯಾಹ್ನದ ಇಳಿಹೊತ್ತಿನಲ್ಲಿ ಮೊಗ್ಗಾಗಿಯೇ ಕೊಳ್ಳಬೇಕು. ಅರಳಿದ್ದನ್ನು ಕೊಳ್ಳುವವರು ಹೊರಊರಿನವರು. ಮೈಸೂರಿನ ಮತ್ತು ಶ್ರೀರಂಗಪಟ್ಟಣದ ಆಸುಪಾಸಿನ ತೋಟಗಳಿಂದ ಬಂದ ಈ ಮೊಗ್ಗುಗಳನ್ನು, ನಾನು ಖಾಯಮ್ಮಾಗಿ ಹೋಗುವ ಅಜ್ಜಿ, ನೆನೆಸಿದ ಬಾಳೆನಾರಿನ ಮೇಲೆ ಬೆನ್ನಿಗೆ ಬೆನ್ನು ಕೊಟ್ಟಂತೆ ಎರಡೆರಡಾಗಿ ಇಟ್ಟು, ಹೆಬ್ಬೆರಳಿನ ಒಂದೇ ತಿರುವಿಗೆ ಗಂಟು ಬಿಗಿಯುತ್ತಾಳೆ. ಮಾತನಾಡುತ್ತಿರುವಾಗ ಅವಳ ದೃಷ್ಟಿ ಹೂವಿನ ಮೇಲೆ ಇರುವುದೇ ಇಲ್ಲ. ಅಳೆಯುವುದು ಮೊಳದಲ್ಲಿ: ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ. ಅಜ್ಜಿಯ ಕೈ ಗಿಡ್ಡ. ಹೀಗಾಗಿ ಪಕ್ಕದ ಉದ್ದ ಕೈಯ ಹುಡುಗನ ಅಂಗಡಿಯಲ್ಲಿ ಕೊಂಡರೆ ಅದೇ ಬೆಲೆಗೆ ನಾಲ್ಕು ಬೆರಳು ಹೆಚ್ಚು ಸಿಕ್ಕುವುದೆಂದು ನನ್ನ ಸಂಗಡಿಗನು ಸೂಕ್ಷ್ಮವಾಗಿ ಗಣಿತ ಮಾಡಿ ತಿಳಿಸಿದ. ಲೆಕ್ಕ ಸರಿಯಾಗಿಯೇ ಇತ್ತು. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, ನನಗೆ ಒಂದು ಮೊಳದ ಮೇಲೆ ಒಂದು ಗೇಣು ಸುಮ್ಮನೆ ಸೇರಿಸಿ ಕಟ್ಟಿಕೊಟ್ಟಳು. ಆ ಗೇಣಿನ ಅರ್ಥ ನನಗೆ ತಿಳಿಯಿತು, ಅವನಿಗೆ ತಿಳಿಯಲಿಲ್ಲ.

ಮಲ್ಲಿಗೆಯ ಮಾತು ಬಂದುದರಿಂದ ಒಂದು ಆಕ್ಷೇಪವನ್ನು ದಾಖಲು ಮಾಡುತ್ತೇನೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರಲ್ಲಿ ಪ್ರಕಟವಾದಂದಿನಿಂದ ಕನ್ನಡ ನಾಡಿನ ಪ್ರೇಮಕ್ಕೆಲ್ಲ ಅದೇ ನಿಘಂಟು. ನಮ್ಮ ಮನೆಯಲ್ಲಿರುವ ಪ್ರತಿಯೂ ಅಮ್ಮನ ಮದುವೆಯ ಉಡುಗೊರೆಯೇ. ಆದರೆ ಅದರ ಸೊಗಸೆಲ್ಲ ಹೆಚ್ಚಾಗಿ ದಾಂಪತ್ಯದ ಸೊಗಸು, ತಾಳಿ ಬಿಗಿದ ಮೇಲಿನ ಬೆಳುದಿಂಗಳು. ಕೆರೆಯ ಏರಿಯ ಮೇಲೆ, ಹಲ್ಲುಜ್ಜಿಯೂ ಕಾಫಿ ಕುಡಿಯದ ಸ್ಥಿತಿಯಲ್ಲಿ, ಇನ್ನೂ ಹೆಸರಿಡದ ಸಂಬಂಧವೊಂದರ ಪಕ್ಕದಲ್ಲಿ ನಡೆಯುತ್ತಿರುವವಳು ಯಾವ ಪದ್ಯ ಹೇಳಿಕೊಳ್ಳಬೇಕು? ನಾನು ಹೆಜ್ಜಾರ್ಲೆಗಳನ್ನು ಎಣಿಸಿಕೊಳ್ಳುತ್ತೇನೆ.

ಈಗಿನವನು ವಿಜಯಪುರದ ಕಡೆಯವನು. ಗಂಗೋತ್ರಿಯಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಮಾಡುತ್ತಿದ್ದಾನೆ. ಪರಿಚಯವಾದುದು ರಂಗಾಯಣದಲ್ಲಿ. ನಾಟಕವೆಂದರೆ ನಮ್ಮ ಮನೆಯಲ್ಲಿ ಆರೋಗ್ಯಕ್ಕೆ ಎರಡನೆಯದಾದ ಪವಿತ್ರ ವಸ್ತು, ಬಿ.ವಿ. ಕಾರಂತರು 1989ರಲ್ಲಿ ರಂಗಾಯಣವನ್ನು ಕಟ್ಟಿದಾಗಿನಿಂದ ನಮ್ಮ ಅಣ್ಣ ನೋಡದ ನಾಟಕವಿಲ್ಲ, ಆದ್ದರಿಂದ ಭೂಮಿಗೀತಕ್ಕೆ ಎಂದರೆ ರಾತ್ರಿ ಒಂಬತ್ತರವರೆಗೂ ರಹದಾರಿ ಉಂಟು. (ನಾನು ಅಣ್ಣನೆನ್ನುವುದು ತಂದೆಯವರನ್ನು, ಹಳೆಯ ಮೈಸೂರಿನ ಕೆಲವು ಮನೆಗಳಲ್ಲಿ ಹೀಗೆ ಕರೆಯುವ ವಾಡಿಕೆ ಇನ್ನೂ ಉಳಿದಿದೆ.) ಆಟ ಮುಗಿದು ಎಲ್ಲರೂ ಚಪ್ಪಾಳೆ ತಟ್ಟುತ್ತಿರುವಾಗ ಪಕ್ಕದ ಸೀಟಿನವನು ತನ್ನಷ್ಟಕ್ಕೆ ತಾನು, “ಛಲೋ ಇತ್ತು, ಆದ್ರ ರಾಜಾ ಭಾಳ ಮಾತಾಡ್ತಾನ” ಎಂದ. ಪತ್ರಿಕೆಯವರು ಮರುವಾರ ಎರಡು ಅಂಕಣಗಳಲ್ಲಿ ಬರೆದ ವಿಮರ್ಶೆಯ ಸಾರವೂ ಅಷ್ಟೇ ಆಗಿತ್ತು.

ನಜರ್‌ಬಾದಿಗೆ ಅವನನ್ನು ಕರೆದೊಯ್ದ ದಿನ ನನಗೆ ಒಳಗೊಳಗೇ ಭಯವಿತ್ತು. ಮೈಲಾರಿಯ ದೋಸೆ ಗರಿಗರಿಯಾದುದಲ್ಲ. ಹತ್ತಿಯಂಥ ಮೆತುವು, ಒಳಗೆ ಸಾಗು, ಮೇಲೆ ಕರಗುತ್ತಲೇ ಅಂಚಿಗೆ ಹರಿಯುವ ಬೆಣ್ಣೆ. ಬಾಳೆಲೆಯ ಮೇಲೆ ಬಂದ ಆ ದೋಸೆಯ ಅಂಚನ್ನು ಮುರಿದು, ಸಾಗಿನಲ್ಲಿ ಅದ್ದಿ, ಬಹಳ ಹೊತ್ತು ಅಗಿದು ಅವನೆಂದ:

“ಇದಕ್ಕ ಸಾಗು ಅಂತೀರೇನ್ರೀ? ನಮ್ಮೂರಾಗ ಇದನ್ನ ಪಾಯಸ ಅಂತಾರ. ಮೆಣಸಿನಕಾಯಿ ಸಿಗಂಗಿಲ್ಲೇನು ಇಲ್ಲಿ?”

“ಸಿಗತ್ತೆ. ನಾವು ಅದನ್ನ ದೃಷ್ಟಿ ತೆಗೆಯೋಕೆ ಇಟ್ಕೊಂಡಿದೀವಿ,” ಎಂದೆ.

ಅವನು ನಕ್ಕ. ನಕ್ಕು, ಇನ್ನೊಂದು ದೋಸೆ ತರಿಸಿದ. ನನ್ನ ಪ್ರಿಯವಸ್ತುಗಳನ್ನೆಲ್ಲ ಒಬ್ಬನು ಮೆಚ್ಚಲೇಬೇಕೆಂಬ ನಿಯಮವನ್ನು ನಾನು ಕೈಬಿಟ್ಟದ್ದು ಅಂದಿನಿಂದ; ಒಪ್ಪದೆಯೇ ಎರಡನೆಯದನ್ನು ತಿನ್ನಬಲ್ಲವನು ಹೆಚ್ಚಿನವನು.

ಅವನೊಡನೆ ಚಾಮುಂಡಿಯ ಮೆಟ್ಟಿಲು ಹತ್ತುವುದು ಒಂದು ವಿಚಿತ್ರ ಅನುಭವ. ಇತರರು ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತ ಹೋದರೆ ಇವನು ಪಕ್ಕದ ಬಂಡೆಯ ಎದುರು ಕುಕ್ಕರುಗಾಲಿನಲ್ಲಿ ಕುಳಿತು, ಅದರ ನಸುಗೆಂಪು ಹರಳುಗಳನ್ನು ಉಗುರಿನಿಂದ ಕೆರೆದು ತೋರಿಸುತ್ತಾನೆ. ಈ ಬೆಟ್ಟದ ಗ್ರಾನೈಟು ಹುಟ್ಟಿ ಸುಮಾರು 80 ಕೋಟಿ ವರ್ಷವಾಯಿತೆಂದು ಅವರ ಶಾಸ್ತ್ರದ ಲೆಕ್ಕ. ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಅದರ ಮುಂದೆ ನಿನ್ನೆ ಹುಟ್ಟಿದ ಕರು. ಇಂಥ ಗಣನೆಯಲ್ಲಿ ಬೆಳೆದವನಿಗೆ ನಾನು ಹದಿಮೂರು ನಿಮಿಷ ತಡವಾಗಿ ಬಂದುದು ಕಣ್ಣಿಗೇ ಬೀಳುವುದಿಲ್ಲವೆಂಬುದು ಆ ಶಾಸ್ತ್ರದ ದೊಡ್ಡ ಗುಣ.

ಇಷ್ಟಾದರೂ ಊರು ಊರೇ. ಒಂದು ಬೆಳಿಗ್ಗೆ ಕೆರೆಯಿಂದ ಮರಳುವಾಗ ಕುಕ್ಕರಹಳ್ಳಿಯ ರೈಲ್ವೆ ಗೇಟು ಬಿದ್ದಿತ್ತು. ಚಾಮರಾಜನಗರದ ಕಡೆಗೆ ಹೋಗುವ ಆ ಹಳಿಯ ಗೇಟಿನ ಮೇಲೆ ನನಗೆ ಬಹುಕಾಲದ ಮಮತೆಯುಂಟು. ವಿದಾಯದ ಮಾತು ಹೇಳಿ ಮುಗಿದ ಮೇಲೂ ಕಾಲಹರಣಕ್ಕೆ ಐದು ನಿಮಿಷದ ಅಧಿಕೃತ ಪರವಾನಗಿ ಕೊಡುವ ಇಲಾಖೆ ಬೇರೊಂದಿಲ್ಲ. ಸ್ಕೂಟರುಗಳು ಕೆಮ್ಮುತ್ತ ನಿಂತಿದ್ದವು, ಹಾಲಿನವನು ಸೈಕಲ್ಲಿನಿಂದ ಇಳಿದಿದ್ದ, ನಾವಿಬ್ಬರೂ ಸಂಗತಿಯೇ ಇಲ್ಲದ ಸಂಗತಿಯೊಂದನ್ನು ಮಾತನಾಡುತ್ತಿದ್ದೆವು. ಆಗ ಪಕ್ಕದಲ್ಲಿ ಬಂದು ನಿಂತ ಆಟೋದೊಳಗಿಂದ, ತೊಡೆಯ ಮೇಲೆ ದಂಟಿನ ಸೊಪ್ಪಿನ ಚೀಲವಿಟ್ಟುಕೊಂಡ ನಮ್ಮ ಸೋದರತ್ತೆ ತಲೆಯನ್ನು ಹೊರಗೆ ಚಾಚಿದರು. ನಾನು ಎರಡು ಹೆಜ್ಜೆ ಸರಿದು, ಆ ತರುಣನಿಗೂ ನನಗೂ ರೈಲ್ವೆ ಇಲಾಖೆಯ ಹೊರತು ಬೇರೆ ಸಂಬಂಧವಿಲ್ಲವೆಂಬ ಮುಖ ಮಾಡಿಕೊಂಡೆ. ಅತ್ತೆ ಮೊದಲು ನನ್ನ ಮುಖವನ್ನೂ ಬಳಿಕ ನನ್ನ ಶೂಸನ್ನೂ ನೋಡಿದರು.

“ವಾಕಿಂಗಾ?”

“ಹೂಂ ಅತ್ತೆ.”

ಅಷ್ಟಕ್ಕೆ ಮುಗಿಯಬಹುದಾಗಿತ್ತು. ಆದರೆ ಹಿರಿಯರು ಎದುರಾದರೆ ಮಾತನಾಡಿಸದಿರುವುದು ಅಪಚಾರವೆಂದು ನಂಬಿದ ಊರಿನಿಂದ ಬಂದವನು ಅವನು. ಎರಡೂ ಕೈ ಜೋಡಿಸಿ ಮುಂದೆ ಬಂದು, “ನಮಸ್ಕಾರ್ರೀ ಅತ್ತೀ, ಆರಾಮ್ ಅದೀರಿ?” ಎಂದುಬಿಟ್ಟ. ರೈಲು ಹೋಯಿತು, ಗೇಟು ಎದ್ದಿತು. “ಒಳ್ಳೇದು. ಆರೋಗ್ಯಕ್ಕೆ ತುಂಬಾ ಒಳ್ಳೇದು,” ಎಂದಷ್ಟೇ ಹೇಳಿ ಅತ್ತೆ ಹೊರಟುಹೋದರು.

ವಾರ ಕಳೆದರೂ ಮನೆಯಲ್ಲಿ ಏನೂ ಸದ್ದಿಲ್ಲ. ಅತ್ತೆಯ ಔದಾರ್ಯದ ಮೇಲೆ ನನಗೆ ಹೊಸ ಗೌರವ ಹುಟ್ಟಿತು. ಈ ನಡುವೆ ಊರಿಗೆ ಹೋಗಿಬಂದವನು ಅವನ ತಾಯಿ ಕುಟ್ಟಿದ ಶೇಂಗಾ ಚಟ್ನಿಪುಡಿಯನ್ನು ಒಂದು ಡಬ್ಬಿ ತಂದುಕೊಟ್ಟ. ಅದನ್ನು ವಿಜಯಪುರದ ಗೆಳತಿಯೊಬ್ಬಳು ಕೊಟ್ಟಳೆಂದು ಅಮ್ಮನ ಕೈಗೆ ಒಪ್ಪಿಸಿದೆ. ಅಮ್ಮ ಬಿಸಿ ಅನ್ನಕ್ಕೆ ಕಲಸಿ, ಮೇಲೆ ತುಪ್ಪ ಹಾಕಿ, ಕಣ್ಣಲ್ಲಿ ನೀರು ತುಂಬಿಕೊಂಡರೂ ಬಿಡದೆ ಎರಡು ಸಲ ಬಡಿಸಿಕೊಂಡಳು. ಅಣ್ಣ ಪೇಪರಿನ ಹಿಂದಿನಿಂದ ತಲೆಯೆತ್ತಲಿಲ್ಲ. ಡಬ್ಬಿಯನ್ನು ತೊಳೆದು ಒರೆಸಿ, ಬರಿದಾಗಿ ಹಿಂದಿರುಗಿಸಬಾರದೆಂದು ಅದಕ್ಕೆ ಮೈಸೂರುಪಾಕು ತುಂಬಿ ನನ್ನ ಚೀಲದೊಳಗಿಡುತ್ತ ಅಮ್ಮ ಹೇಳಿದಳು:

“ಪುಡಿ ತುಂಬಾ ಚೆನ್ನಾಗಿತ್ತೂಂತ ಹೇಳೇ ನಿನ್ನ ಗೆಳತಿಗೆ. ಹಾಗೇ ಆ ಗಡ್ಡಾನ ಸ್ವಲ್ಪ ಟ್ರಿಮ್ ಮಾಡಿಸ್ಕೊಳ್ಳೋದಕ್ಕೂ ಹೇಳು.”