‘ನೀವೇ ಮಾಡಿದ್ದಾ? ಬರೀ ಓಡಿಸ್ತೀರಾ?’

“ಅಣ್ಣಾ, ಈ ಮಿಷನ್ ನೀವೇ ಮಾಡಿದ್ದಾ? ಇಲ್ಲಾ ಬರೀ ಓಡಿಸ್ತೀರಾ?”

ಕೇಳಿದ್ದು ಎಂಟನೇ ಕ್ಲಾಸಿನ ಹುಡುಗಿ. ದೊಡ್ಡಬಳ್ಳಾಪುರದ ನನ್ನ ಪುಟ್ಟ ಲೇಸರ್ ಕಟಿಂಗ್ ಅಂಗಡಿಗೆ ಹತ್ತಿರದ ಸರ್ಕಾರಿ ಶಾಲೆಯ ಹನ್ನೆರಡು ಮಕ್ಕಳು ಬಂದಿದ್ದರು. ಅವರ ವಿಜ್ಞಾನದ ಮೇಷ್ಟ್ರು ನಮ್ಮ ಬೀದಿಯವರೇ. “ಬೋರ್ಡ್ ಮೇಲೆ ಎಷ್ಟೂಂತ ಹೇಳೋದು, ನೀನು ಕಣ್ಣಾರೆ ತೋರಿಸಪ್ಪ” ಅಂದಿದ್ದರು. ನಾನೂ ಜೋರಾಗೇ ತಯಾರಾಗಿದ್ದೆ. ಅಕ್ರಿಲಿಕ್ ಹಾಳೆಯಲ್ಲಿ ಒಬ್ಬೊಬ್ಬರ ಹೆಸರನ್ನೂ ಕತ್ತರಿಸಿ ಕೀಚೈನ್ ಮಾಡಿಕೊಟ್ಟೆ. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರೆ ನನಗೆ ಒಳಗೊಳಗೇ ಹೆಮ್ಮೆ. ಆಗ ಬಂತು ಈ ಪ್ರಶ್ನೆ.

“ಓಡಿಸ್ತೀನಮ್ಮ, ಅಷ್ಟೆ” ಅಂದೆ. ಅವಳು “ಓ” ಅಂದು ಕೀಚೈನನ್ನು ಬ್ಯಾಗಿಗೆ ಹಾಕಿಕೊಂಡಳು. ಆ “ಓ” ರಾತ್ರಿಯವರೆಗೂ ಕಿವಿಯಲ್ಲೇ ಇತ್ತು.

ಯಾಕಂದ್ರೆ ಇದೇ ಪ್ರಶ್ನೆಯನ್ನು ಹಿಂದಿನ ವರ್ಷ ಅಪ್ಪ ಬೇರೆ ಥರ ಕೇಳಿದ್ದರು. ಒಂದು ಬೆಳಿಗ್ಗೆ ಅವಸರದಲ್ಲಿ ನೀರಿನ ಪಂಪ್ ಹಾಕೋದು ಮರೆತು ಮಿಷನ್ ಶುರು ಮಾಡಿದ್ದೆ. ಬಿಸಿಯೇರಿ ಗಾಜಿನ ಲೇಸರ್ ಟ್ಯೂಬ್ ಸೀಳಿಹೋಯಿತು. ತಪ್ಪು ನಂದೇ. ಹೊಸ ಟ್ಯೂಬಿಗೆ ತಿಂಗಳ ದುಡಿಮೆ ಹೋಯಿತು. ಅಪ್ಪ ಒಡೆದ ಟ್ಯೂಬನ್ನು ತಿರುಗಿಸಿ ನೋಡಿ, “ಇದರೊಳಗೆ ಏನಿರುತ್ತೋ?” ಅಂದರು. ಗೊತ್ತಿಲ್ಲ ಅಂದೆ. “ಒಳಗೆ ಏನಿದೆ ಅಂತ ಗೊತ್ತಿಲ್ದೇನೇ ಸಾಲ ಮಾಡಿದ್ಯಾ?”

ಅಪ್ಪ ಮೂವತ್ತು ವರ್ಷ ವಿದ್ಯುತ್ ಮಗ್ಗ ನಡೆಸಿದವರು. ಮಗ್ಗದ ಸದ್ದು ಚೂರು ಬದಲಾದರೂ ಎಲ್ಲಿ ಏನಾಗಿದೆ ಅಂತ ಕೂತಲ್ಲಿಂದಲೇ ಹೇಳುತ್ತಿದ್ದರು. ಜಕಾರ್ಡ್ ಕಾರ್ಡಿನ ಯಾವ ತೂತು ಸೀರೆಯ ಯಾವ ಹೂವಾಗುತ್ತೆ ಅಂತ ಅವರಿಗೆ ಗೊತ್ತಿತ್ತು. ನಾನು? ಫೈಲ್ ಹಾಕು, ಬಟನ್ ಒತ್ತು.

ಆ ರಾತ್ರಿ ಅಟ್ಟದಿಂದ ಹಳೇ ಟ್ಯೂಬ್ ಇಳಿಸಿದೆ. ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಓದುತ್ತಾ ಹೋದೆ. ಅಲ್ಲಿ ಸಿಕ್ಕಿದ ಹೆಸರು ಸಿ. ಕುಮಾರ್ ಎನ್. ಪಟೇಲ್.

ಹುಟ್ಟಿದ್ದು 1938ರಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ. ಪುಣೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿ, 1961ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಜಗತ್ತಿನ ಮೊದಲ ಲೇಸರ್ ಬೆಳಗಿ ಆಗಿನ್ನೂ ಒಂದೇ ವರ್ಷ. 1964ರಲ್ಲಿ ಪಟೇಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದಾಗ ಅವರಿಗೆ ಇಪ್ಪತ್ತಾರರ ಆಸುಪಾಸು. ನಾನು ಸಾಲ ಮಾಡಿ ಮಿಷನ್ ತಂದ ವಯಸ್ಸು!

ನಾವು ಉಸಿರಾಡಿ ಬಿಡುವ ಅದೇ ಗಾಳಿ ನೋಡಿ. ಶುರುವಿನಲ್ಲಿ ಸಿಕ್ಕಿದ್ದು ಒಂದು ಮಿಲಿವ್ಯಾಟ್‌ನಷ್ಟು ಶಕ್ತಿ. ಅದರಿಂದ ಕಾಗದ ಕೂಡ ಸುಡಲ್ಲ. ಪಟೇಲ್ ಅಲ್ಲಿಗೇ ಬಿಡಲಿಲ್ಲ. ನೈಟ್ರೋಜನ್ ಬೆರೆಸಿ ನೋಡಿದರು, ಆಮೇಲೆ ಹೀಲಿಯಂ. ಒಂದೆರಡು ವರ್ಷದೊಳಗೆ ಶಕ್ತಿ ನೂರು ವ್ಯಾಟ್ ಮುಟ್ಟಿತು. ಇವತ್ತು ಈ ಲೇಸರ್ ಕಾರ್ಖಾನೆಗಳಲ್ಲಿ ಕತ್ತರಿಸುತ್ತೆ, ಆಪರೇಷನ್ ಥಿಯೇಟರಿನಲ್ಲೂ ಕೆಲಸ ಮಾಡುತ್ತೆ. 1996ರಲ್ಲಿ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಬಂತು. ಅರವತ್ತು ದಾಟಿದ ಮೇಲೂ ಸುಮ್ಮನೆ ಕೂರದೆ, 2000ದಲ್ಲಿ ಲೇಸರಿನದ್ದೇ ಒಂದು ಕಂಪನಿ ಶುರು ಮಾಡಿದರು.

ಮುಂದಿನ ವಾರ ನಾನೇ ಶಾಲೆಗೆ ಹೋದೆ, ಒಡೆದ ಟ್ಯೂಬನ್ನು ಅಮ್ಮನ ಹಳೇ ಸೀರೆಯಲ್ಲಿ ಸುತ್ತಿಕೊಂಡು. ಈ ಸಲ ಕೀಚೈನ್ ಇಲ್ಲ.

ಕರೆಂಟು ಹರಿದಾಗ ಮೊದಲು ನೈಟ್ರೋಜನ್ ಕಣಗಳು ಶಕ್ತಿ ತುಂಬಿಕೊಳ್ಳುತ್ತವೆ. ಡಿಕ್ಕಿ ಹೊಡೆದು ಅದನ್ನು ಕಾರ್ಬನ್ ಡೈಆಕ್ಸೈಡಿಗೆ ದಾಟಿಸುತ್ತವೆ, ರಿಲೇ ಓಟದ ಕೋಲಿನ ಥರ. ಅದು ಬೆಳಕಾಗಿ ಹೊರಬೀಳುತ್ತೆ. ಹೀಲಿಯಂ ಬಿಸಿಯನ್ನು ಹೊರಗೆ ಸಾಗಿಸುತ್ತೆ. ಎರಡು ತುದಿಯ ಕನ್ನಡಿಗಳ ನಡುವೆ ಬೆಳಕು ಓಡಾಡಿ ಬಲವಾಗಿ, ಒಂದು ಕನ್ನಡಿಯ ಮೂಲಕ ಆಚೆ ಬರುತ್ತೆ. ಟ್ಯೂಬಿನಲ್ಲಿ ಕಾಣುವ ನೇರಳೆ ಹೊಳಪು ಕತ್ತರಿಸುವ ಬೆಳಕಲ್ಲ, ನಿಜವಾದ ಲೇಸರ್ ಕಣ್ಣಿಗೇ ಕಾಣಲ್ಲ. ಅದಕ್ಕೇ ಮಿಷನ್ ಓಡುವಾಗ ಮುಚ್ಚಳ ತೆಗೆಯಬಾರದು. ಇಷ್ಟು ಹೇಳುವಷ್ಟರಲ್ಲಿ ಬೆವೆತುಹೋಗಿದ್ದೆ.

“ಇಂಥದ್ದೆಲ್ಲ ಅಮೆರಿಕದಲ್ಲೇ ಮಾಡೋದಾ?” ಅಂದ ಒಬ್ಬ ಹುಡುಗ.

ಇಲ್ಲ ಮಗಾ. 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಪ್ರಗ್ಯಾನ್ ರೋವರ್ ಚಂದ್ರನ ಮಣ್ಣಿಗೆ ಲೇಸರ್ ಹೊಡೆದು, ಅಲ್ಲಿ ಗಂಧಕ ಇದೆ ಅಂತ ಖಾತ್ರಿ ಮಾಡಿತಲ್ಲ, ಆ ಉಪಕರಣ ತಯಾರಾಗಿದ್ದು ಇಸ್ರೋದ ಲಿಯೋಸ್ ಪ್ರಯೋಗಾಲಯದಲ್ಲಿ. ಅದಿರೋದು ಪೀಣ್ಯದಲ್ಲಿ. ನೆಲಮಂಗಲದಿಂದ ಬೆಂಗಳೂರಿಗೆ ಹೋಗುವ ಬಸ್ಸು ಪೀಣ್ಯ ದಾಟಿಯೇ ಹೋಗುತ್ತೆ.

ಮೇಷ್ಟ್ರು ಪಕ್ಕದ ಗೌರಿಬಿದನೂರಿನ ಎಚ್. ನರಸಿಂಹಯ್ಯನವರ ಕಥೆ ಸೇರಿಸಿದರು. ಓದಬೇಕೆಂದು ಬೆಂಗಳೂರಿಗೆ ನಡೆದೇ ಹೋದ ಬಡ ಹುಡುಗ, ಮುಂದೆ ಅಮೆರಿಕದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ವಾಪಸ್ ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಜೀವನಪೂರ್ತಿ ಮಕ್ಕಳಿಗೆ ಹೇಳಿದ್ದು ಒಂದೇ: ಪ್ರಶ್ನೆ ಕೇಳಿ.

ಆ ಹುಡುಗಿ ಕೊನೇ ಬೆಂಚಿನಲ್ಲಿದ್ದಳು. ಅವಳಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಹತ್ತನೇ ಕ್ಲಾಸ್ ಆದ ಮೇಲೆ ಇವಳನ್ನೂ ಕಳಿಸುವ ಮಾತು ಮನೆಯಲ್ಲಿದೆ ಅಂತ ಮೇಷ್ಟ್ರು ಹೇಳಿದ್ದರು. ಬೆಲ್ ಹೊಡೆದ ಮೇಲೆ ಹತ್ತಿರ ಬಂದು ಟ್ಯೂಬ್ ಮುಟ್ಟಿ ನೋಡಿದಳು.

“ಅಣ್ಣಾ, ನೈಟ್ರೋಜನ್ ಬದ್ಲು ಬೇರೆ ಗಾಳಿ ಹಾಕಿದ್ರೆ?”

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಮಿಲಿವ್ಯಾಟನ್ನು ನೂರು ವ್ಯಾಟ್ ಮಾಡಿದ್ದು ಇಂಥದ್ದೇ ಪ್ರಶ್ನೆ ಅನ್ನೋದು ಗೊತ್ತಿತ್ತು. “ನಂಗೂ ಗೊತ್ತಿಲ್ಲ ಪುಟ್ಟಾ. ಹುಡುಕಿ ಹೇಳ್ತೀನಿ, ನೀನೂ ಹುಡುಕು” ಅಂದೆ. ಈ ಸಲ ಅವಳು “ಓ” ಅನ್ನಲಿಲ್ಲ, ನೋಟ್‌ಬುಕ್ ತೆಗೆದು ಬರೆದುಕೊಂಡಳು.

ಅವಳ ಮನೆಯವರ ಹತ್ತಿರ ಮೇಷ್ಟ್ರು ಮಾತಾಡುತ್ತಿದ್ದಾರೆ. ಇನ್ನೂ ಏನೂ ಇತ್ಯರ್ಥ ಆಗಿಲ್ಲ. ಟ್ಯೂಬನ್ನು ಶಾಲೆಗೇ ಕೊಟ್ಟು ಬಂದೆ. ಪ್ರತಿ ತಿಂಗಳ ಎರಡನೇ ಶನಿವಾರ ಅಂಗಡಿ ಮಧ್ಯಾಹ್ನದ ಮೇಲೆ ಮಕ್ಕಳಿಗೆ. ಕೀಚೈನ್ ಬೇಕು ಅಂದ್ರೆ ಒಂದೇ ಷರತ್ತು: ನನಗೆ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ತರಬೇಕು.

ಮೊನ್ನೆ ಶನಿವಾರ ಅಪ್ಪನೂ ಬಂದು ಹಿಂದೆ ನಿಂತಿದ್ದರು. ಎಲ್ಲಾ ಕೇಳಿಸಿಕೊಂಡು, ಹೋಗುವಾಗ ಹೇಳಿದ್ದಿಷ್ಟು: “ಪಂಪ್ ಹಾಕಿದ್ಯಾ?”