ಸಾಲಾವಳಿ

ಗಂಡುಹೆಣ್ಣುಗಳ ಸಾಲಾವಳಿ ನೋಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆಂಪ್ಲಿಫೈಯರಿಗೂ ಸ್ಪೀಕರಿಗೂ ಸಾಲಾವಳಿ ಕೂಡಬೇಕೆಂಬ ಸಂಗತಿ ನನಗೆ ತಿಳಿದದ್ದು, ಓದಿಗೆಂದು ಒಂದು ವರ್ಷ ಜರ್ಮನಿಯ ಟ್ಯೂಬಿಂಗನ್ನಿನಲ್ಲಿದ್ದಾಗ. ನಿಘಂಟಿನ ಕಿಟೆಲ್ ಸಾಹೇಬರು 1903ರಲ್ಲಿ ಕಣ್ಣುಮುಚ್ಚಿದ ಊರು ಅದು.

ನನ್ನದು 10 ವ್ಯಾಟಿನ ಬಡ ಆಂಪ್ಲಿಫೈಯರು. ಬಾಡಿಗೆಯ ಒಂದೇ ಕೋಣೆ. ರಾತ್ರಿ ಹತ್ತಾದ ಮೇಲೆ ನೆರೆಯವರ ನಿದ್ದೆ ಕೆಡಿಸಕೂಡದೆಂಬುದು ಅಲ್ಲಿಯ ಕಟ್ಟಳೆ. ಇಂಥ ವರನಿಗೆ ತಕ್ಕ ವಧು ಯಾರು? ಜಾತಕದಲ್ಲಿ ಮೊದಲು ನೋಡಬೇಕಾದದ್ದು, ಒಂದು ವ್ಯಾಟು ಉಣಿಸಿದರೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬುದು. 85 ಡೆಸಿಬೆಲ್ಲಿನ ಸ್ಪೀಕರು ಹಾಡುವಷ್ಟನ್ನು 88ರದು ಅರ್ಧ ಶಕ್ತಿಯಲ್ಲೇ ಹಾಡುತ್ತದೆ. ಆದರೆ ಪೆಟ್ಟಿಗೆ ಚಿಕ್ಕದಿರಬೇಕು, ಕಡಮೆ ಉಂಡು ಗಟ್ಟಿಯಾಗಿ ಹಾಡಬೇಕು, ಮಂದ್ರವೂ ಮೊಳಗಬೇಕು ಎಂದರೆ ಭೌತಶಾಸ್ತ್ರ ಒಪ್ಪದು. ಮೂರರಲ್ಲೊಂದನ್ನು ಬಿಡಲೇಬೇಕು. ನಾನು ಮಂದ್ರವನ್ನು ಬಿಟ್ಟೆ.

ಗಂಡು ದನಿಯ ತಂಬೂರಿಯ ಮಂದ್ರ ಷಡ್ಜ ಸುಮಾರು 70 ಹರ್ಟ್ಸ್. ನನ್ನ ನಾಲ್ಕಂಗುಲದ ಸ್ಪೀಕರಿಗೆ ಅಷ್ಟು ಕೆಳಕ್ಕಿಳಿಯುವ ತ್ರಾಣವಿಲ್ಲ. ಆದರೂ ಮಲ್ಲಿಕಾರ್ಜುನ ಮನ್ಸೂರರ ಹಾಡು ಹಾಕಿದರೆ ಷಡ್ಜ ಕೇಳುತ್ತಲೇ ಇತ್ತು! ಅದರ ಇಮ್ಮಡಿ, ಮುಮ್ಮಡಿ ಕಂಪನಗಳು ಬಂದರೆ ಸಾಕು. ಬಾರದ ಮೂಲವನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ಕಿವಿಯ ಈ ಉಪಕಾರವಿಲ್ಲದಿದ್ದರೆ ಪರದೇಶದ ಬಾಳು ಕಷ್ಟ. ಭಾನುವಾರ ಫೋನಿನಲ್ಲಿ ಅಮ್ಮ "ಊಟ ಆಯ್ತೇನೋ?" ಎನ್ನುತ್ತಿದ್ದಳು, ಅಷ್ಟೆ. ಸಾರಿನ ಒಗ್ಗರಣೆಯ ಸದ್ದು, ಅವಳು ಹೇಳದೆ ನುಂಗಿದ ಮಂಡಿನೋವು, ಎರಡೂ ನನಗೆ ಕೇಳಿಸುತ್ತಿದ್ದವು.